ಪಿತ್ತಗಂಧೆ ಇದ್ದರೆ ಕ್ಯಾಲ್ಸಿಯಂ ಮಾತ್ರೆ ಬಿಡಬೇಕೆ?

ಪಿತ್ತಗಂಧೆಗೆ ಹೊಸ ಮಾತ್ರೆ ಬಂದ ಸುದ್ದಿ ನೀವೂ ಓದಿರಬಹುದು. 2025ರ ಸೆಪ್ಟೆಂಬರ್ 30ರಂದು ಅಮೆರಿಕದ ಎಫ್‌ಡಿಎ ರೆಮಿಬ್ರುಟಿನಿಬ್ ಎಂಬ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಅದರ ಕೆಲಸ ವಿವರಿಸುವಾಗ ಕ್ಯಾಲ್ಸಿಯಂನ ಹೆಸರು ಬರುತ್ತದೆ. ಕೂಡಲೇ ಅನುಮಾನ: ಅಲರ್ಜಿ ಎಬ್ಬಿಸುವುದು ಕ್ಯಾಲ್ಸಿಯಂ ಆದರೆ ಹಾಲು, ಮಾತ್ರೆ ಬಿಡಬೇಕೆ? ಮನೆಯ ಹಿರಿಯರಿಗೆ ಇದಕ್ಕೆ ವಿರುದ್ಧವಾದ ನೆನಪು. ಮೈಮೇಲೆ ದದ್ದು ಎದ್ದರೆ ಹಿಂದೆ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುತ್ತಿದ್ದರು. ಹಾಗಾದರೆ ಅದು ಔಷಧಿಯೋ, ಅಪರಾಧಿಯೋ? ಎರಡೂ ಅಲ್ಲ.

ಒಳಗೆ ಏನಾಗುತ್ತದೆ?

ಚರ್ಮ, ಮೂಗು, ಶ್ವಾಸನಾಳ, ಕರುಳುಗಳಲ್ಲಿ ಮಾಸ್ಟ್ ಕೋಶಗಳಿವೆ. ಅವುಗಳ ಒಳಗೆ ಹಿಸ್ಟಮಿನ್ ತುಂಬಿದ ಪುಟ್ಟ ಚೀಲಗಳಿವೆ. ಕೋಶದ ಹೊರಮೈಗೆ ಐಜಿಇ ಎಂಬ ಪ್ರತಿಕಾಯ ಅಂಟಿರುತ್ತದೆ. ಸೀಗಡಿ ಅಥವಾ ಶೇಂಗಾದ ಅಲರ್ಜಿ ಇರುವವರಲ್ಲಿ ಅದರ ಅಂಶ ಈ ಐಜಿಇಗಳನ್ನು ಒಂದಕ್ಕೊಂದು ಜೋಡಿಸಿದಾಗ ಒಳಗೆ ಸಂದೇಶ ಹೊರಡುತ್ತದೆ. ಆರು ವಾರ ದಾಟಿದ ಪಿತ್ತಗಂಧೆಯಲ್ಲಿ ಹಲವರಿಗೆ ಹೊರಗಿನ ಕಾರಣವೇ ಸಿಗುವುದಿಲ್ಲ. ಅವರ ದೇಹದ್ದೇ ಪ್ರತಿಕಾಯಗಳು ಕೋಶವನ್ನು ಕೆಣಕುತ್ತವೆ.

ಮುಂದಿನದನ್ನು ನಿಮ್ಮ ಸೊಸೈಟಿಯ ನೀರಿನ ಟ್ಯಾಂಕಿಯಿಂದ ತಿಳಿಯಬಹುದು. ಟ್ಯಾಂಕಿಯ ನೀರು ಇಳಿದರೆ ಚೆಂಡು ಕೆಳಗಿಳಿದು ವಾಲ್ವ್ ತೆರೆಯುತ್ತದೆ, ಹೊರಗಿನ ನೀರು ನುಗ್ಗುತ್ತದೆ. ಮಾಸ್ಟ್ ಕೋಶದಲ್ಲೂ ಕ್ಯಾಲ್ಸಿಯಂನ ಒಂದು ಒಳಸಂಗ್ರಹ ಇದೆ. ಸಂದೇಶ ಬಂದಾಗ ಅದು ಖಾಲಿಯಾಗುತ್ತದೆ. ಎಸ್‌ಟಿಐಎಂ1 ಎಂಬ ಪ್ರೋಟೀನು ಅದನ್ನು ಗಮನಿಸಿ ಓರೈ1 ಎಂಬ ಬಾಗಿಲನ್ನು ತೆರೆಸುತ್ತದೆ. ಕೋಶದ ಒಳಗಿಗಿಂತ ಹೊರಗೆ ಸುಮಾರು 10,000 ಪಟ್ಟು ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಅದು ಒಳನುಗ್ಗುತ್ತದೆ. ಚೀಲಗಳು ಕೋಶದ ಗೋಡೆಗೆ ಸೇರಿ ಒಡೆಯುತ್ತವೆ, ಹಿಸ್ಟಮಿನ್ ಹೊರಬೀಳುತ್ತದೆ. ನಿಮಿಷಗಳಲ್ಲಿ ತುರಿಕೆ, ದದ್ದು, ಊತ.

ಈಗ ನಿಮ್ಮ ಮಾತ್ರೆಯ ವಿಷಯ. ಬಾರ್ವಿ ಅಣೆಕಟ್ಟು ತುಂಬಿದ ಮಾತ್ರಕ್ಕೆ ಡೊಂಬಿವಲಿಯ ಟ್ಯಾಂಕಿಯ ವಾಲ್ವ್ ತೆರೆಯುವುದಿಲ್ಲ. ಹಾಗೆಯೇ ಹಾಲು ಕುಡಿದರೆ, ಮಾತ್ರೆ ನುಂಗಿದರೆ ಓರೈ1 ತೆರೆಯುವುದಿಲ್ಲ. ದೇಹವು ರಕ್ತದ ಕ್ಯಾಲ್ಸಿಯಂ ಅನ್ನು ಸುಮಾರು 8.5ರಿಂದ 10.5 ಮಿಲಿಗ್ರಾಂನೊಳಗೆ (ಪ್ರತಿ 100 ಮಿಲಿಲೀಟರಿಗೆ) ಕಾಯ್ದುಕೊಳ್ಳುತ್ತದೆ. ಮೂಳೆ ಸವೆತಕ್ಕೆ ಕೊಟ್ಟ ಮಾತ್ರೆಯನ್ನು ಈ ಭಯದಿಂದ ಬಿಟ್ಟರೆ ದದ್ದು ನಿಲ್ಲದು, ಮೂಳೆ ಮಾತ್ರ ಸೊರಗುತ್ತದೆ. ಹಾಲು ಕುಡಿದ ಪ್ರತಿ ಸಲ ದದ್ದು ಎದ್ದರೆ ಅನುಮಾನಿಸಬೇಕಾದದ್ದು ಹಾಲಿನ ಪ್ರೋಟೀನನ್ನು, ವೈದ್ಯರಿಗೆ ಹೇಳಿ.

ಔಷಧಿಗಳು ಎಲ್ಲಿ ತಡೆಯುತ್ತವೆ?

ಸೆಟಿರಿಜಿನ್‌ನಂತಹ ಮಾತ್ರೆಗಳು ಹೊರಬಿದ್ದ ಹಿಸ್ಟಮಿನ್ ಕೆಲಸ ಮಾಡದಂತೆ ತಡೆಯುತ್ತವೆ. ಆದ್ದರಿಂದಲೇ ಹಳೆಯ ಪಿತ್ತಗಂಧೆಯಲ್ಲಿ ದದ್ದು ಎದ್ದಾಗಷ್ಟೇ ನುಂಗದೆ, ವೈದ್ಯರು ಹೇಳಿದಂತೆ ದಿನವೂ ತೆಗೆದುಕೊಳ್ಳಬೇಕು. ಸಾಲದಿದ್ದರೆ ಅವರು ಪ್ರಮಾಣ ಹೆಚ್ಚಿಸಬಹುದು, ನೀವಾಗಿ ಹೆಚ್ಚಿಸಬೇಡಿ. ಒಮಾಲಿಜುಮ್ಯಾಬ್ ಇಂಜೆಕ್ಷನ್ ಐಜಿಇಯನ್ನೇ ಹಿಡಿದಿಡುತ್ತದೆ. ಹೊಸ ರೆಮಿಬ್ರುಟಿನಿಬ್ ಕೋಶದೊಳಗಿನ ಬಿಟಿಕೆ ಎಂಬ ಕೊಂಡಿಯನ್ನು ತಡೆಯುತ್ತದೆ. ಇದು ಕ್ಯಾಲ್ಸಿಯಂ ಬಾಗಿಲಿಗಿಂತ ಒಂದು ಹೆಜ್ಜೆ ಹಿಂದೆ. ಹಿಸ್ಟಮಿನ್ ತಡೆಯುವ ಮಾತ್ರೆಗೆ ಬಗ್ಗದ ವಯಸ್ಕರಿಗೆ ಮಾತ್ರ ಈ ಒಪ್ಪಿಗೆ. ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು, ಹಾಗಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ತಿಳಿಸಬೇಕು. ಸುದ್ದಿ ಓದಿ ವಿದೇಶದಿಂದ ತರಿಸಿಕೊಳ್ಳುವ ಔಷಧಿ ಇದಲ್ಲ.

ಯಾವಾಗ ಕಾಯಬಾರದು?

ದದ್ದಿನ ಜೊತೆ ಉಸಿರಾಟ ಕಷ್ಟವಾದರೆ, ನಾಲಿಗೆ ಅಥವಾ ಗಂಟಲು ಊದಿದರೆ, ತಲೆ ಸುತ್ತಿ ಬಿದ್ದರೆ ಸೆಟಿರಿಜಿನ್ ನುಂಗಿ ಕಾಯಬೇಡಿ. ಅದಕ್ಕೆ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. 108ಕ್ಕೆ ಕರೆ ಮಾಡಿ, ರೋಗಿಯನ್ನು ಮಲಗಿಸಿ, ಕಾಲು ಎತ್ತರಿಸಿ. ಉಸಿರು ಕಟ್ಟುತ್ತಿದ್ದರೆ ಕೂರಿಸಿ. ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ, ಠಾಣೆಯ ಕಳವಾ, ನವಿ ಮುಂಬಯಿಯ ವಾಶಿ, ಇವುಗಳಲ್ಲಿ ನಿಮಗೆ ಹತ್ತಿರದ ಪಾಲಿಕೆ ಆಸ್ಪತ್ರೆ ಯಾವುದು, ರಾತ್ರಿ ಅಲ್ಲಿಗೆ ಹೋಗುವ ದಾರಿ ಯಾವುದು ಎಂಬುದನ್ನು ಇಂದೇ ತಿಳಿದಿಡಿ. ಹಿಂದೆ ಒಮ್ಮೆ ಹೀಗಾಗಿದ್ದರೆ ಕಾರಣವಾದ ತಿನಿಸು ಅಥವಾ ಔಷಧಿಯ ಹೆಸರು ಬರೆದ ಚೀಟಿ ಪರ್ಸಿನಲ್ಲಿರಲಿ. ಲೋಕಲ್ ರೈಲಿನಲ್ಲಿ ನಿಮ್ಮ ಪಕ್ಕ ಕೂತವರಿಗೆ ಅದೊಂದೇ ನಿಮ್ಮ ಕಥೆ ಹೇಳಬಲ್ಲದು.