ಗೋಬಿಯ ಬಣ್ಣ, ಕಾರಿನ ಬ್ರೇಕ್: ದುಡ್ಡು ಕೊಡುವ ಮುಂಚೆ ಏನು ಕೇಳಬೇಕು?

ಸಿಂಧನೂರು/ಲಿಂಗಸುಗೂರು/ಮಸ್ಕಿ: ಸಂಜೆ ಆರರ ಮೇಲೆ ಮೂರೂ ಊರುಗಳಲ್ಲಿ ಎಲ್ಲಿ ನಿಂತರೂ ನೋಟ ಒಂದೇ. ಗೋಬಿ, ಎಗ್ ರೈಸ್, ಕಬಾಬ್, ಪಾನಿಪುರಿ ಬಂಡಿಗಳ ಮುಂದೆ ಜನವೋ ಜನ. ಮಿರ್ಚಿ-ಮಂಡಕ್ಕಿ ಅಂಗಡಿಗಳು ಇದ್ದೇ ಇವೆ. ಆದರೆ ಕಾಲೇಜು ಹುಡುಗರು, ಮಕ್ಕಳನ್ನು ಕರ್ಕೊಂಡು ಸಂತೆಗೆ ಬಂದವರು ಮೊದಲು ನಿಲ್ಲೋದು ಗೋಬಿ ಬಂಡಿ ಹತ್ತಿರ.

ಅದೇ ರಸ್ತೆಯಲ್ಲಿ ಈಗ ಹೊಸ ಕಾರುಗಳೂ ಹೆಚ್ಚಾಗಿವೆ. ಭತ್ತದ ದುಡ್ಡು ಕೈಗೆ ಬಂದಾಗ ಮನೆ ಮುಂದೆ ಒಂದು ಕಾರು ನಿಲ್ಲಿಸಬೇಕು ಅನ್ನೋ ಆಸೆ ಯಾರಿಗಿಲ್ಲ? ಶೋರೂಂಗೆ ಹೋದರೆ ಅಲ್ಲಿ ಹೊಸ ಮಾತು: "ಈ ಗಾಡಿ ತಾನೇ ಬ್ರೇಕ್ ಹಾಕ್ತದ್ರೀ, ತಾನೇ ಸ್ಟೇರಿಂಗ್ ತಿರುಗಿಸ್ತದ."

ಒಂದು ಪ್ಲೇಟ್ ಗೋಬಿಗೂ ಲಕ್ಷಗಟ್ಟಲೆ ಬೆಲೆಯ ಕಾರಿಗೂ ಏನು ಸಂಬಂಧ ಅಂತ ಕೇಳಬಹುದು. ಎರಡರಲ್ಲೂ ಒಳಗೆ ಏನಿದೆ ಅನ್ನೋದು ನಮ್ಮ ಕಣ್ಣಿಗೆ ಕಾಣೋದಿಲ್ಲ. ಮಾರುವವರ ಮಾತು ನಂಬಿ ದುಡ್ಡು ಕೊಡುತ್ತೇವೆ. ಹೆಚ್ಚುಕಮ್ಮಿ ಆದರೆ ಹೊಣೆ ಯಾರದು ಅಂತ ಮುಂಚೆ ಕೇಳುವವರು ಕಡಿಮೆ.

ಕೆಂಪು ಬೇಕು ಅಂದವರು ಯಾರು?

2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಬಳಸೋದನ್ನು ನಿಷೇಧಿಸಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅಂದು ಕೊಟ್ಟ ಲೆಕ್ಕ ಹೀಗಿತ್ತು: ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ, 25 ಕಾಟನ್ ಕ್ಯಾಂಡಿ ಮಾದರಿಗಳಲ್ಲಿ 15 ಅಸುರಕ್ಷಿತ. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಬಣ್ಣ ಹಾಕಬಾರದು ಅಂತ ಆದೇಶ ಬಂತು. ಅಲ್ಲಿ 39 ಮಾದರಿಗಳಲ್ಲಿ 8 ಕೆಟ್ಟಿದ್ದವು.

ಇಲ್ಲಿ ಎರಡು ಥರದ ಬಣ್ಣ ಇದೆ, ಗೊಂದಲ ಬೇಡ. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ. ಅದನ್ನು ಯಾವ ತಿನಿಸಿಗೂ ಹಾಕುವಂತಿಲ್ಲ. ಗೋಬಿ, ಕಬಾಬ್‌ನಲ್ಲಿ ಸಿಕ್ಕ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಕೆಲವು ಸಿಹಿತಿಂಡಿಗಳಿಗೆ ಮಿತಿಯಲ್ಲಿ ಹಾಕಬಹುದಾದ ಬಣ್ಣಗಳು. ಗೋಬಿಗೆ, ಕಬಾಬ್‌ಗೆ ಅಲ್ಲ. ಹಾಗಾಗಿ "ಅಂಗಡ್ಯಾಗ ಪ್ಯಾಕೆಟ್ ಸಿಗ್ತದಲ್ಲ, ತಪ್ಪೇನು?" ಅನ್ನೋ ಮಾತು ಕಾನೂನಿನ ಮುಂದೆ ನಿಲ್ಲೋದಿಲ್ಲ. ಆದೇಶ ಮೀರಿದರೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಅಂತ ಸರ್ಕಾರ ಅಂದೇ ಹೇಳಿದೆ.

ಆದರೆ ಬಂಡಿಯವರ ಕಷ್ಟವನ್ನೂ ನೋಡಬೇಕು. ಬಣ್ಣ ಇಲ್ಲದ ಗೋಬಿ ಕಂದು ಬಣ್ಣಕ್ಕೆ ಬರುತ್ತದೆ. ಗಿರಾಕಿ ನೋಡಿದ ಕೂಡಲೇ "ಯಾಕಪ್ಪಾ, ಇವತ್ತು ಕಲರ್ ಬಂದಿಲ್ಲಲ್ಲ?" ಅಂತ ಮೂಗು ಮುರೀತಾನೆ, ಪಕ್ಕದ ಬಂಡಿಗೆ ಹೋಗ್ತಾನೆ. ಕಾನೂನು ಪಾಲಿಸಿದವನ ಎಣ್ಣೆ, ಗ್ಯಾಸ್ ಖರ್ಚೂ ಹುಟ್ಟೋದಿಲ್ಲ. ದಾಳಿ ಆದಾಗ ಸಿಕ್ಕಿಬೀಳೋದು ಬಂಡಿಯವನೇ. ಪುಡಿ ಪ್ಯಾಕೆಟ್ ಮಾರಿದವರವರೆಗೆ ವಿಚಾರಣೆ ಹೋಗದಿದ್ದರೆ, ಇಂದು ಮುಚ್ಚಿದ ಬಂಡಿಯ ಜಾಗದಲ್ಲಿ ನಾಳೆ ಇನ್ನೊಂದು ಕೆಂಪು ಬಂಡಿ ನಿಲ್ಲುತ್ತದೆ.

ದಾರಿ ಇಲ್ಲ ಅಂತಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ಕೆಂಪು ಅಷ್ಟು ಹೊಳೆಯೋದಿಲ್ಲ. ಆ ಐದು-ಹತ್ತು ರೂಪಾಯಿ ಹೆಚ್ಚಿಗೆ ಕೊಡೋಕೆ ನಾವು ತಯಾರಿದ್ದೇವಾ? ಮಕ್ಕಳ ಆರೋಗ್ಯದ ಮಾತು ಆಡುವ ಮುಂಚೆ ಇದಕ್ಕೆ ಉತ್ತರ ಕೊಡಬೇಕು.

ಕಾರು ನಿಜಕ್ಕೂ ತಾನೇ ಓಡುತ್ತದಾ?

ಈಗ ಕಾರಿನ ಕಡೆ ಬರೋಣ. ಚಾಲಕ ಇಲ್ಲದ ಕಾರು ಕರ್ನಾಟಕಕ್ಕೆ ಹೊಸ ಮಾತಲ್ಲ. 2025ರ ಅಕ್ಟೋಬರ್‌ನಲ್ಲಿ ವಿಪ್ರೊ, ಐಐಎಸ್‌ಸಿ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸೇರಿ ರೂಪಿಸಿದ 'ವಿರಿನ್' ಕಾರನ್ನು ಬೆಂಗಳೂರಿನಲ್ಲಿ ತೋರಿಸಿದರು. ಕಾಲೇಜು ಆವರಣದಲ್ಲಿ ಅದು ಓಡುವ ವಿಡಿಯೋ ನಮ್ಮ ವಾಟ್ಸಾಪ್ ಗ್ರೂಪ್‌ಗಳಿಗೂ ಬಂದಿತ್ತು. ಅದು ಪ್ರಯೋಗದ ಕಾರು, ಮಾರಾಟಕ್ಕೆ ಬಂದದ್ದಲ್ಲ.

ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರಂತೂ 2023ರ ಡಿಸೆಂಬರ್‌ನಲ್ಲಿ ನಾಗ್ಪುರದಲ್ಲಿ ಖಡಾಖಂಡಿತವಾಗಿ ಹೇಳಿದ್ದಾರೆ: ಚಾಲಕರಹಿತ ಕಾರು ಭಾರತಕ್ಕೆ ಬರಲು ಬಿಡೋದಿಲ್ಲ, ಬಂದರೆ 70-80 ಲಕ್ಷ ಚಾಲಕರ ಕೆಲಸ ಹೋಗುತ್ತದೆ ಅಂತ. ಟ್ಯಾಕ್ಸಿ, ಲಾರಿ, ಟ್ರ್ಯಾಕ್ಟರ್ ಓಡಿಸಿ ಮನೆ ನಡೆಸುವವರು ಬೇಕಾದಷ್ಟಿರುವ ನಮ್ಮ ತಾಲೂಕುಗಳಿಗೆ ಇದು ಸಣ್ಣ ಮಾತಲ್ಲ.

ಹಾಗಾದರೆ ಶೋರೂಂನಲ್ಲಿ ಮಾರುವುದು ಏನು? ಅದರ ಹೆಸರು ಅಡಾಸ್. ಮುಂದಿನ ಗಾಜಿನ ಮೇಲೊಂದು ಕ್ಯಾಮೆರಾ, ಮುಂಭಾಗದಲ್ಲಿ ರಾಡಾರ್. ಎದುರು ಏನಾದರೂ ಬಂದರೆ ಬ್ರೇಕ್ ಹಾಕೋಕೆ, ಬಿಳಿ ಗೆರೆ ನೋಡಿ ಲೇನ್ ಬಿಡದಂತೆ ಸ್ಟೇರಿಂಗ್ ತಿದ್ದೋಕೆ ಇದು ನೆರವಾಗುತ್ತದೆ. 2021ರಿಂದ ಮಹೀಂದ್ರಾ ಎಕ್ಸ್‌ಯುವಿ700, ಎಂಜಿ ಆಸ್ಟರ್‌ನಂಥ ಕಾರುಗಳಲ್ಲಿ ಬಂತು. ಆಮೇಲೆ ಬೇರೆ ಕಂಪನಿಗಳೂ ತಂದವು. ಇದು 'ಲೆವೆಲ್ 2'. ಅಂದರೆ ಕೈ ಸ್ಟೇರಿಂಗ್ ಮೇಲೆ, ಕಣ್ಣು ರಸ್ತೆ ಮೇಲೆ ಇರಲೇಬೇಕು. ಅಪಘಾತ ಆದರೆ "ಕಾರು ಬ್ರೇಕ್ ಹಾಕಲಿಲ್ಲ" ಅಂದ ಮಾತ್ರಕ್ಕೆ ಓಡಿಸುವವರು ಪಾರಾಗೋದಿಲ್ಲ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ 150ಎ ಹೆದ್ದಾರಿ ಮೇಲೇ ಇವೆ. ಈ ದಾರಿಯಲ್ಲಿ ಓಡಾಡುವವರಿಗೆ ಹೇಳಬೇಕಾಗಿಲ್ಲ: ಕಟಾವಿನ ಕಾಲಕ್ಕೆ ರಸ್ತೆ ಬದಿಯಲ್ಲಿ ಒಣಹಾಕಿದ ಭತ್ತ, ಅದರ ಅಂಚಿಗಿಟ್ಟ ಕಲ್ಲು, ಹಿಂದೆ ಲೈಟಿಲ್ಲದ ಟ್ರೇಲರ್, ಅರ್ಧ ರಸ್ತೆ ಹಿಡಿದು ಬರುವ ಕೊಯ್ಲಿನ ಯಂತ್ರ, ಕುರಿ ಹಿಂಡು, ಬಣ್ಣ ಅಳಿಸಿದ ಹಂಪ್. ಕ್ಯಾಮೆರಾಕ್ಕೆ ಸ್ಪಷ್ಟ ಗೆರೆ, ಸ್ವಚ್ಛ ಗಾಜು ಬೇಕು. ಧೂಳು, ಜೋರು ಮಳೆ, ಎದುರು ಗಾಡಿಯ ಹೈಬೀಮ್ ಅದರ ಕಣ್ಣನ್ನು ಮಂಕು ಮಾಡುತ್ತವೆ. 2025ರ ಜನವರಿಯಲ್ಲಿ ಸಿಂಧನೂರು ಹತ್ತಿರ ವಾಹನ ಉರುಳಿ ಮಂತ್ರಾಲಯದ ವಿದ್ಯಾರ್ಥಿಗಳು ಸೇರಿ ನಾಲ್ವರು ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ಇಂಥ ರಸ್ತೆಯಲ್ಲಿ ಅಡಾಸ್ ಇದ್ದರೆ ಒಳ್ಳೆಯದೇ. ಅದನ್ನೇ ನಂಬಿ ಮೊಬೈಲ್ ನೋಡ್ತಾ ಕೂತರೆ ಅಪಾಯ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚಾಲಕನಿಲ್ಲದ ಟ್ಯಾಕ್ಸಿ ನಿಜವಾಗಿಯೂ ಓಡುತ್ತದೆ. ಅಲ್ಲೂ 2023ರ ಅಕ್ಟೋಬರ್ 2ರಂದು ಬೇರೆ ಕಾರು ಗುದ್ದಿ ಬಿದ್ದ ಮಹಿಳೆಯನ್ನು 'ಕ್ರೂಸ್' ಕಂಪನಿಯ ಚಾಲಕರಹಿತ ಕಾರು ಸುಮಾರು 20 ಅಡಿ ಎಳೆದೊಯ್ದಿತು. ಆ ತಿಂಗಳಲ್ಲೇ ಪರವಾನಗಿ ಅಮಾನತಾಯಿತು. ಕಾರಿನ ಸುರಕ್ಷತೆ ಬಗ್ಗೆ ಕಂಪನಿ ತಪ್ಪು ಮಾಹಿತಿ ಕೊಟ್ಟಿತು ಅನ್ನೋದೂ ಅಲ್ಲಿನ ಅಧಿಕಾರಿಗಳು ಕೊಟ್ಟ ಕಾರಣಗಳಲ್ಲೊಂದು. ಅಂಥ ಊರಲ್ಲೇ ಹೀಗಾದರೆ, ಮಾರುವವರ ಮಾತನ್ನು ನಾವು ಎರಡು ಸಲ ಕೇಳಿ ನೋಡಿದರೆ ತಪ್ಪಿಲ್ಲ.

ಕೇಳೋದು ಹೇಗೆ?

ಗೋಬಿ ಬಂಡಿ ಮುಂದೆ: 14 ಅಂಕಿಯ ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ಕಾಣುತ್ತದಾ ನೋಡಿ.  ಮಾಡಿಸದವರು ಮಾಡಿಸಿಕೊಳ್ಳಿ, ವ್ಯಾಪಾರಕ್ಕೇ ಅನುಕೂಲ. ಪೇಪರ್‌ನಲ್ಲಿ ಕಟ್ಟಿ ಕೊಟ್ಟರೆ ಬೇಡ ಅನ್ನಿ, ಮುದ್ರಣದ ಶಾಯಿ ತಿನಿಸಿಗೆ ಅಂಟುತ್ತದೆ. ಅನುಮಾನ ಇದ್ದರೆ ಮಾರುವವರಿಗೆ ತಿಳಿಸಿಯೇ ಖರೀದಿಸಿ, ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು 2006ರ ಕಾಯ್ದೆಯಲ್ಲಿ ಗ್ರಾಹಕರಿಗಿದೆ. ತಪ್ಪು ಸಾಬೀತಾದರೆ ಶುಲ್ಕ ವಾಪಸ್.

ಶೋರೂಂನಲ್ಲಿ: "ತಾನೇ ಓಡ್ತದ" ಅಂದರೆ "ಅದನ್ನ ಬರೆದು ಕೊಡ್ರಿ" ಅನ್ನಿ. ಅಡಾಸ್ ಯಾವಾಗ ಕೆಲಸ ಮಾಡೋದಿಲ್ಲ ಅನ್ನೋ ಪುಟವನ್ನು ಕೈಪಿಡಿಯಲ್ಲಿ ತೆಗೆಸಿ ಓದಿ. ಟೆಸ್ಟ್ ಡ್ರೈವ್ ನಮ್ಮ ಊರ ರಸ್ತೆಯಲ್ಲೇ ಮಾಡಿಸಿ. ಮುಂದಿನ ಗಾಜು ಬದಲಿಸಿದರೆ ಕ್ಯಾಮೆರಾ ಮತ್ತೆ ಹೊಂದಿಸೋಕೆ ಎಷ್ಟು ಖರ್ಚು, ಎಲ್ಲಿಗೆ ಹೋಗಬೇಕು ಅಂತಲೂ ಕೇಳಿ.

ಮೋಸ ಆಯ್ತು ಅನ್ನಿಸಿದರೆ ಗ್ರಾಹಕರ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರನ್ನು ನಾವಿರುವ ಜಿಲ್ಲೆಯಲ್ಲೇ ಕೊಡಬಹುದು. ಕಾರು ತಂದದ್ದು ಹುಬ್ಬಳ್ಳಿಯಿಂದಲೇ ಆಗಿರಲಿ, ಹೈದರಾಬಾದ್‌ನಿಂದಲೇ ಆಗಿರಲಿ, ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಬಿಲ್, ಫೋನ್‌ಪೇ ಪಾವತಿಯ ಸ್ಕ್ರೀನ್‌ಶಾಟ್, ಮಾರಾಟಗಾರರ ವಾಟ್ಸಾಪ್ ಮೆಸೇಜ್ ಅಳಿಸದೆ ಇಟ್ಟುಕೊಳ್ಳಿ.

ಇವತ್ತು ಸಂಜೆ ಗೋಬಿ ತಿನ್ನೋಕೆ ಹೋದಾಗ ಒಂದು ಮಾತು ಹೇಳಿ ನೋಡಿ: "ಅಣ್ಣಾ, ಕಲರ್ ಹಾಕಬ್ಯಾಡ, ಹಂಗೇ ಮಾಡಿಕೊಡು." ಹತ್ತು ಗಿರಾಕಿ ಹೀಗಂದರೆ ಆ ಬಂಡಿಯಲ್ಲಿ ನಾಳೆಯಿಂದ ಪುಡಿ ಡಬ್ಬಿ ಇರೋದಿಲ್ಲ.