ಮಾರಿದ ಮನೆ ಹಾಗೂ ಕೊಳ್ಳಬೇಕಾದ ಮನೆ

ಕಳೆದ ವಾರ ಮಸ್ಕಿಯಿಂದ ಸರಕಾರಿ ನೌಕರರೊಬ್ಬರು ನಮ್ಮ ಕಚೇರಿಗೆ ಬಂದು, ಸುದ್ದಿ ಕೊಡುವದಕ್ಕಲ್ಲ, ಒಂದು ಸಲಹೆಯನ್ನು ಕೇಳುವದಕ್ಕಾಗಿ ತಾಸು ಹೊತ್ತು ಕುಳಿತರು. ಅವರು ತಮ್ಮ ತಂದೆಯ ಕಾಲದ ಮನೆಯನ್ನು ಮಾರಿದ್ದಾರೆ. ಬೆಲೆ ಸರಿಯಾಗಿ ಬಂದಿದೆ, ಹಣವೂ ಕೈಸೇರಿದೆ. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸಿಂಧನೂರಿನಲ್ಲಿ ಮನೆ ಕೊಳ್ಳಬೇಕೆಂದು ಅವರ ವಿಚಾರ. ಆದರೆ ಮನಸ್ಸಿಗೊಪ್ಪುವ ಮನೆ ಇನ್ನೂ ದೊರೆತಿಲ್ಲ. ಮಾರಿದ ಮನೆಯನ್ನು ಬಿಟ್ಟುಕೊಡಲು ಇಪ್ಪತ್ತೇ ದಿನಗಳು ಉಳಿದಿವೆ. "ಆರು ತಿಂಗಳ ಮಟ್ಟಿಗೆ ಬಾಡಿಗೆಯ ಮನೆಯಲ್ಲಿರಿ" ಎಂದು ನಾವು ಹೇಳಿದೆವು. ಆ ಮಹಾಶಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಪಾದಕರೇ, ಊರವರು ಏನೆಂದಾರು?" ಎಂದು ಕೇಳಿದರು.

ಊರವರು ಏನೆನ್ನುವರೆಂಬದನ್ನು ನಾವೂ ಬಲ್ಲೆವು. ನಮ್ಮ ಭಾಷೆಯಲ್ಲಿ 'ಮನೆ ಮಾರಿದ' ಎಂಬದಕ್ಕೂ 'ಮನೆ ಮಾರಿಕೊಂಡ' ಎಂಬದಕ್ಕೂ ಬಹಳ ಅಂತರವಿದೆ. ಮೊದಲನೆಯದು ವ್ಯವಹಾರ, ಎರಡನೆಯದು ದುರ್ದೆಸೆ. ಮನೆ ಮಾರಿ ಮರುದಿನವೇ ಇನ್ನೊಂದು ಮನೆಯ ಹೊಸ್ತಿಲು ದಾಟಿದವನು ಮಾರಿದವನು. ನಡುವೆ ನಾಲ್ಕು ತಿಂಗಳು ಬಾಡಿಗೆಗೆ ಕುಳಿತವನು ಮಾರಿಕೊಂಡವನು. ಈ ಒಂದು ಪ್ರತ್ಯಯಕ್ಕೆ ಅಂಜಿ ನಮ್ಮ ಸದ್ಗೃಹಸ್ಥರು ಆಯುಷ್ಯದ ಗಳಿಕೆಯನ್ನು ಅವಸರದಲ್ಲಿ ಕಂಡಲ್ಲಿ ಸುರಿಯುತ್ತಿರುವದನ್ನು ನೋಡಿ, ಈ ವಿಷಯವಾಗಿ ನಾಲ್ಕು ಮಾತು ಬರೆಯುವದು ಅವಶ್ಯವೆಂದು ನಮಗೆ ತೋರಿತು.

ವಿಚಾರಿಸಿ ನೋಡಿದರೆ ಈ ನಾಚಿಕೆಗೆ ನಮ್ಮ ಸೀಮೆಯಲ್ಲಿ ಆಧಾರವೇ ಇಲ್ಲ. ಒಂದೇ ಹೆದ್ದಾರಿಯ ಮೇಲಿರುವ ಈ ಮೂರು ಊರುಗಳ ಚರಿತ್ರೆಯನ್ನಷ್ಟು ಸ್ಮರಿಸಿರಿ. ಲಿಂಗಸುಗೂರು ಹೈದರಾಬಾದ ಕಂಟಿಂಜೆಂಟ್ ಸೈನ್ಯದ ಠಾಣೆಯಾಗಿತ್ತು. 1905 ರ ವರೆಗೆ ಜಿಲ್ಲೆಯೂ ಆಗಿತ್ತು. ಸೈನ್ಯದವರಾಗಲಿ ಕಚೇರಿಯವರಾಗಲಿ ಸ್ವಂತ ಮನೆ ಕಟ್ಟಿ ಅಲ್ಲಿಯೇ ಬೇರೂರಲು ಬಂದವರಲ್ಲ. ಇನ್ನು ಸಿಂಧನೂರು: 1953 ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಹರಿದ ತರುವಾಯ, ಆಂಧ್ರದ ಕರಾವಳಿಯ ರೈತರು ತಮ್ಮಲ್ಲಿಯ ದುಬಾರಿ ಭೂಮಿಯನ್ನು ಮಾರಿ ಇಲ್ಲಿಯ ಅಗ್ಗದ ಭೂಮಿಯನ್ನು ಕೊಳ್ಳಲು ಬಂದರು. ಅವರು ಇಳಿದುಕೊಂಡ ಸ್ಥಳಗಳಿಗೆ ಜನರು 'ಕ್ಯಾಂಪು' ಎಂದು ಹೆಸರಿಟ್ಟರು. ಮುಂದೆ ಪೂರ್ವ ಬಂಗಾಲದ ನಿರಾಶ್ರಿತರಿಗಾಗಿ ಸರಕಾರದವರು ಮಾಡಿದ ವಸತಿಗಳಿಗೂ ಅದೇ ಹೆಸರು ಬಂದಿತು. ಕ್ಯಾಂಪು ಎಂದರೆ ನಾಳೆ ಎದ್ದು ಹೋಗುವ ಬಿಡಾರ. ನಮ್ಮಲ್ಲಿಯಾದರೋ ಅದು ಮೂರು ತಲೆಮಾರು ಬಾಳಿದ ಊರು! ಮನೆ ಮಾರಿ ಬಂದು, ತಾತ್ಕಾಲಿಕ ಬಿಡಾರದಲ್ಲಿ ಕಾಲವನ್ನು ನೋಡಿ, ನಂತರ ಬೇರೂರಿದವರ ಮೊಮ್ಮಕ್ಕಳೇ ಇಂದು ಸಿಂಧನೂರಿನ ಅಕ್ಕಿಯ ವ್ಯಾಪಾರದಲ್ಲಿ ಗಣ್ಯರಾಗಿರುವಾಗ, ಅವರ ನೆರೆಯವನು ಆರು ತಿಂಗಳ ಬಾಡಿಗೆಗೆ ನಾಚುವದು ವಿಚಿತ್ರವಲ್ಲವೆ?

ಅವಸರದ ಖರೀದಿಯಿಂದಾಗುವ ಹಾನಿಯನ್ನು ಸ್ವಲ್ಪ ಬಿಡಿಸಿ ಹೇಳುವೆವು. ನಮ್ಮಲ್ಲಿ ವಾಡಿಕೆಯೇನಂದರೆ, ತನ್ನ ಮನೆಗೆ ಬಂದ ಇಸಾರದ ಹಣವನ್ನೇ ಒಯ್ದು ಇನ್ನೊಂದು ಮನೆಗೆ ಇಸಾರ ಕೊಡುವದು. ಆ ಮನೆಯವನು ಅದನ್ನೇ ಮತ್ತೊಂದಕ್ಕೆ ಕೊಟ್ಟಿರುತ್ತಾನೆ. ಈ ಸರಪಳಿಯ ಮೊದಲನೆಯ ಕೊಂಡಿಯಲ್ಲಿರುವವನಿಗೆ ಬ್ಯಾಂಕಿನ ಸಾಲ ಮಂಜೂರಾಗದೆ ಹೋದರೆ ಅಥವಾ ಭತ್ತದ ಹಣ ಸಮಯಕ್ಕೆ ಬಾರದಿದ್ದರೆ, ಕೊನೆಯವನವರೆಗೆ ಎಲ್ಲರ ಕರಾರುಗಳೂ ಒಂದರ ಮೇಲೊಂದು ಉರುಳುವವು. ಕರಾರುಪತ್ರ ಕೈಯಲ್ಲಿದ್ದರೆ ಮನೆ ತನ್ನದೇ ಆಯಿತೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಮಾರಾಟದ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವದಿಲ್ಲವೆಂದು ಸ್ವತ್ತು ವರ್ಗಾವಣೆಯ 1882 ನೆಯ ಇಸವಿಯ ಕಾಯಿದೆಯ 54 ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ಅದಲ್ಲದೆ ಕಾಗದಪತ್ರಗಳ ಮಾತು. 2024 ರಿಂದ ಈಚೆಗೆ ಇ-ಖಾತೆ ಇಲ್ಲದೆ ಪಟ್ಟಣದ ಸ್ವತ್ತಿನ ಕ್ರಯಪತ್ರವು ನೋಂದಣಿಯಾಗುವದಿಲ್ಲ. 2025 ರಲ್ಲಿ ನಗರಸಭೆ ಪುರಸಭೆಗಳಲ್ಲಿ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೆ 'ಬಿ' ಖಾತೆ ಕೊಡುವ ಆಂದೋಲನವೂ ನಡೆಯಿತು. ಖಾತೆ ಎಂಬ ಶಬ್ದವನ್ನು ಕೇಳಿದೊಡನೆಯೇ ಕೊಳ್ಳುವವನು ನಿಶ್ಚಿಂತನಾಗುತ್ತಾನೆ. ಅದು 'ಎ' ಯೋ 'ಬಿ' ಯೋ, ಹೊಲವು ಬಿನ್‌ಶೇತ್ಕಿಯಾಗಿದೆಯೋ ಇಲ್ಲವೋ ಎಂದು ಕೇಳುವಷ್ಟು ವ್ಯವಧಾನವು ಇಪ್ಪತ್ತು ದಿನಗಳಲ್ಲಿ ಮನೆ ಖಾಲಿ ಮಾಡಬೇಕಾದವನಿಗೆ ಎಲ್ಲಿಂದ ಬರಬೇಕು? ತಪ್ಪಿನ ಬೆಲೆಯೂ ಸಣ್ಣದಲ್ಲ. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಉಪಕರಗಳು, ಮತ್ತು 2025 ರ ಅಗಸ್ಟ 31 ರಿಂದ ನೋಂದಣಿಯ ಶುಲ್ಕ 1 ರಿಂದ 2 ಕ್ಕೇರಿದೆ. ಮೂವತ್ತು ಲಕ್ಷದ ಮನೆಗೆ ಇವೆರಡೇ 2 ಲಕ್ಷ 10 ಸಾವಿರ ರೂಪಾಯಿಗಳಾಗುತ್ತವೆ. ಮನೆ ಒಗ್ಗದೆ ಮರಳಿ ಮಾರಿದರೆ ಈ ಹಣ ಹೋದದ್ದೇ ಸರಿ.

ಇದನ್ನು ನಾವು ಪುಸ್ತಕ ನೋಡಿ ಬರೆಯುತ್ತಿಲ್ಲ. ನಮ್ಮ ತಂದೆಯವರ ಲಿಂಗಸುಗೂರಿನ ಮನೆಯನ್ನು ಅಣ್ಣತಮ್ಮಂದಿರ ಪಾಲಿಗಾಗಿ ಮಾರಿದಾಗ ನಾವೂ ಸಿಂಧನೂರಿನಲ್ಲಿ ಏಳು ತಿಂಗಳು ಬಾಡಿಗೆಗಿದ್ದೆವು. ತಿಂಗಳಿಗೆ ಎಂಟು ಸಾವಿರ ರೂಪಾಯಿ. ಎರಡು ಖೋಲಿ, ಒಂದು ಅಡಿಗೆಮನೆ. ದೇವರ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟೆವು. ಪುಸ್ತಕಗಳ ಗಂಟುಗಳನ್ನು ಬಿಚ್ಚಲೇ ಇಲ್ಲ. ಪತ್ರಿಕೆ ಮುಳುಗಿತೇ ಎಂದು ಇಬ್ಬರು ಆಪ್ತರು ಕಳವಳದಿಂದಲೂ ಒಬ್ಬರು ಸಂತೋಷದಿಂದಲೂ ವಿಚಾರಿಸಿದರು. ನಾವು ಮೊದಲ ತಿಂಗಳಿನಲ್ಲಿಯೇ ಮೆಚ್ಚಿಕೊಂಡಿದ್ದ ಮನೆಯೊಂದಿತ್ತು. ಗಾಳಿ ಬೆಳಕು, ಬಾವಿಯ ನೀರು, ಎಲ್ಲವೂ ಸರಿ. ಕಚೇರಿಯಿಂದ ಋಣಭಾರದ ಪ್ರಮಾಣಪತ್ರವನ್ನೂ ಮೂಲ ಕಾಗದಗಳನ್ನೂ ತರಿಸುವಷ್ಟರಲ್ಲಿ ಐದು ವಾರ ಕಳೆದವು. ಆಗ ತಿಳಿದುಬಂದದ್ದೇನಂದರೆ, ಆ ನಿವೇಶನದ ಹೊಲವು ಕಾಗದದ ಮೇಲೆ ಇನ್ನೂ ಹೊಲವಾಗಿಯೇ ಇತ್ತು. ಮೇಲಾಗಿ ಒಬ್ಬ ತಂಗಿಯ ಪಾಲು ಅದರಲ್ಲಿ ಬಾಕಿಯಿತ್ತು. ತಲೆಯ ಮೇಲೆ ಸೂರಿಲ್ಲದಿದ್ದರೆ ನಾವು ಆ ಐದು ವಾರ ಕಾಯುತ್ತಿದ್ದೆವೇ? ಕಾಯುತ್ತಿರಲಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವೆವು. ಏಳು ತಿಂಗಳ ಬಾಡಿಗೆ ಐವತ್ತಾರು ಸಾವಿರವಾಯಿತು. ಅದಕ್ಕಿಂತ ಅಗ್ಗವಾದ ವಕೀಲರ ಫೀಯನ್ನು ನಾವು ಕಂಡಿಲ್ಲ.

ಹೀಗೆಂದು ಎದುರುಪಕ್ಷದ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. 2024 ರಲ್ಲಿ ಸಿಂಧನೂರಿಗೆ ರೈಲು ಬಂದಿತು, ಊರು ಬೆಳೆಯುತ್ತಿದೆ, ಕಾಯುತ್ತ ಕುಳಿತರೆ ಬೆಲೆ ಏರಿ, ಮಾರಿದ ಹಣದಲ್ಲಿ ಅಷ್ಟೇ ದೊಡ್ಡ ಮನೆ ಬಾರದೆ ಹೋಗಬಹುದು. ಅದು ನಿಜವಾದ ಭಯ. ಆದರೆ ಕಾಲುವೆಯನ್ನು ನಂಬಿದ ಊರಿನಲ್ಲಿ ಮನೆಯ ಬೆಲೆಯೂ ಕಾಲುವೆಯ ನೀರನ್ನೇ ನೋಡುತ್ತದೆಂಬದನ್ನು ಮರೆಯಬಾರದು. 2024 ರ ಅಗಸ್ಟ 10 ರ ರಾತ್ರಿ ಅಣೆಕಟ್ಟಿನ 19 ನೆಯ ಬಾಗಿಲು ಕೊಚ್ಚಿಹೋದ ವಾರದಲ್ಲಿ ನಿವೇಶನದ ವಿಷಯವನ್ನು ಎತ್ತಿದವರನ್ನು ನಾವಂತೂ ಕಾಣಲಿಲ್ಲ. ಸುಗ್ಗಿಯ ಹಣ ಓಡಾಡುವ ದಿನಗಳಲ್ಲಿ ಕೊಳ್ಳುವವನಿಗೂ, ಹಣ ಕಟ್ಟಿಕೊಂಡ ಬೇಸಿಗೆಯಲ್ಲಿ ಕೊಳ್ಳುವವನಿಗೂ ಬೆಲೆ ಒಂದೇ ಆಗಿರುವದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಬೇರೆ ಇದೆ. ನಮ್ಮ ಹೆಣ್ಣುಮಕ್ಕಳು ಎತ್ತುವ ಆಕ್ಷೇಪಣೆ ಅದು. ಮನೆಯಾಗಿದ್ದಾಗ ಯಾರೂ ಕೇಳದ ಹಣವನ್ನು, ಅದು ನಗದಾದೊಡನೆ ಎಲ್ಲರೂ ಕೇಳುವರು. ಅಳಿಯನ ವ್ಯಾಪಾರ, ತಮ್ಮನ ಟ್ರಾಕ್ಟರು, ಮಗನ ಸೀಟು. ಮೂರು ಲಕ್ಷ ಕೈಸಾಲ ಹೋದ ಮೇಲೆ ಬಾಡಿಗೆಯ ಮನೆಯೇ ಖಾಯಂ ಆಗುವದು. ಈ ಭಯಕ್ಕೆ ಒಂದು ಉಪಾಯವು ತೆರಿಗೆಯ ಕಾನೂನಿನಲ್ಲಿಯೇ ಇದೆ. ಎರಡು ವರ್ಷಕ್ಕೂ ಹೆಚ್ಚು ಕಾಲ ತನ್ನದಾಗಿದ್ದ ವಾಸದ ಮನೆಯನ್ನು ಮಾರಿ ಬಂದ ಲಾಭವನ್ನು ಎರಡು ವರ್ಷದೊಳಗೆ ಇನ್ನೊಂದು ವಾಸದ ಮನೆಯ ಖರೀದಿಗೆ, ಇಲ್ಲವೆ ಮೂರು ವರ್ಷದೊಳಗೆ ಹೊಸ ಮನೆಯ ಕಟ್ಟಡಕ್ಕೆ ತೊಡಗಿಸಿದರೆ ಆ ಮಟ್ಟಿಗೆ ತೆರಿಗೆ ಇಲ್ಲವೆಂದು 1961 ರ ಆದಾಯ ತೆರಿಗೆಯ ಕಾಯಿದೆಯ 54 ನೆಯ ಕಲಮು ಹೇಳುತ್ತಿತ್ತು (ಅಂಕ ಅದೇ, ಕಾಯಿದೆ ಬೇರೆ). 2025 ರ ಹೊಸ ಕಾಯಿದೆಯೂ ಆ ಸವಲತ್ತನ್ನು ಉಳಿಸಿಕೊಂಡಿದೆ. ತೆರಿಗೆಯ ಲೆಕ್ಕ ಸಲ್ಲಿಸುವ ಗಡುವಿನೊಳಗೆ ಮನೆ ಸಿಕ್ಕದಿದ್ದರೆ ಆ ಹಣವನ್ನು ಇದಕ್ಕೆಂದೇ ಬ್ಯಾಂಕುಗಳಲ್ಲಿರುವ ವಿಶೇಷ ಖಾತೆಯಲ್ಲಿಡಬೇಕು. ಅದನ್ನು ಮನೆಗಲ್ಲದೆ ಬೇರೆ ಕೆಲಸಕ್ಕೆ ಬಳಸಿದರೆ ತೆರಿಗೆ ಬೀಳುವದು. ಅಳಿಯನಿಗೆ ಹೇಳಲು ಇದಕ್ಕಿಂತ ಸಭ್ಯವಾದ ನೆವ ಬೇಕೆ? ಕಠೋರವೆಂದು ಹೆಸರಾದ ತೆರಿಗೆಯ ಇಲಾಖೆಯೇ ಎರಡು ವರ್ಷ ಕಾಯಲು ಒಪ್ಪಿರುವಾಗ, ಓಣಿಯವರು ಎರಡು ತಿಂಗಳು ಕಾಯಲಾರರೆ?

ಒಂದು ವಿಷಯದಲ್ಲಿ ಮಾತ್ರ ನಮ್ಮ ವಾಚಕರನ್ನು ಬಿಗಿಯಾಗಿ ಎಚ್ಚರಿಸುವೆವು. ಅದು ಭೋಗ್ಯ. ಮನೆ ಮಾರಿದವನ ಕೈಯಲ್ಲಿ ಇಡಿಗಂಟು ಇದೆಯೆಂದು ತಿಳಿದೊಡನೆ ಮನೆಯ ಮಾಲಿಕನು, "ತಿಂಗಳ ಬಾಡಿಗೆಯ ಗೊಡವೆ ಯಾಕೆ? ಐದು ಲಕ್ಷ ಕೊಟ್ಟು ಇರಿ, ಹೋಗುವಾಗ ಪೂರ್ತಿ ತೆಗೆದುಕೊಂಡು ಹೋಗಿ" ಎನ್ನುವನು. ಪುಕ್ಕಟೆ ವಾಸವೆಂದು ಮನಸ್ಸು ಕರಗುತ್ತದೆ. ಆದರೆ ಆ ಐದು ಲಕ್ಷವನ್ನು ಅವನು ಪೆಟ್ಟಿಗೆಯಲ್ಲಿಡುವದಕ್ಕಾಗಿ ಕೇಳುತ್ತಿಲ್ಲ. ಹಳೆಯ ಸಾಲಕ್ಕೋ ಮದುವೆಗೋ ಅದು ಆ ವಾರವೇ ಹೋಗುವದು. ಮುಂದಿನ ಭೋಗ್ಯದಾರನು ಸಿಕ್ಕಿದಾಗಲೇ ನಿಮ್ಮ ಹಣ ಮರಳುವದು. ಮೂರು ವರ್ಷ ನಿಲ್ಲುವವನಿಗೆ ಇದು ಒಪ್ಪಬಹುದು. ಇಂದೋ ನಾಳೆಯೋ ಒಳ್ಳೆಯ ಮನೆ ಸಿಕ್ಕೀತು, ಸಿಕ್ಕಿದ ದಿನ ಹಣ ಎಣಿಸಬೇಕು ಎಂದು ಕಾಯುತ್ತಿರುವವನಿಗೆ ಇದು ಉರುಳು. ಮೇಲಾಗಿ ಇಂಥ ವ್ಯವಹಾರವು ಕಾಯಿದೆಯ ದೃಷ್ಟಿಯಲ್ಲಿ ಭೋಗ್ಯದ ಅಡಮಾನವಾಗಬೇಕಾದರೆ ನೂರು ರೂಪಾಯಿಗೆ ಮೇಲ್ಪಟ್ಟ ಮೊತ್ತಕ್ಕೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ಪತ್ರವೇ ಬೇಕು. ನಮ್ಮಲ್ಲಿ ಲಕ್ಷಗಟ್ಟಲೆ ರೂಪಾಯಿಗಳು ಛಾಪಾ ಕಾಗದ ಹಾಗೂ ನೋಟರಿಯ ಮುದ್ರೆಯ ಮೇಲೆಯೇ ನಡೆದುಹೋಗುತ್ತಿವೆ.

ಬಾಡಿಗೆಯ ಚೀಟಿಯ ವಿಷಯ ಸಣ್ಣದು. ಒಂದು ವರ್ಷ ಮೀರಿದ ಗೇಣಿಗೆ 1908 ರ ಕಾಯಿದೆಯಂತೆ ನೋಂದಣಿ ಬೇಕೆಂದು ಹನ್ನೊಂದು ತಿಂಗಳ ಕರಾರು ರೂಢಿಯಾಗಿದೆ. ನಡುವೆ ಬಿಡುವದಾದರೆ ಒಂದು ತಿಂಗಳ ಸೂಚನೆ ಸಾಕು, ಠೇವಣಿ ಪೂರ್ತಿ ಮರಳಬೇಕು ಎಂದು ಅದರಲ್ಲಿ ಬರೆಯಿಸಿಕೊಳ್ಳತಕ್ಕದ್ದು. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆಂದು ಕೇಂದ್ರ ಸರಕಾರದವರು 2021 ರ ಮಾದರಿ ಕಾಯಿದೆಯಲ್ಲಿ ಹೇಳಿದ್ದಾರೆ, ಮಾದರಿಯಲ್ಲವೆ, ಹೇಳಿದ್ದಾರೆ! ಸಾಧ್ಯವಿದ್ದರೆ ಎಲ್ಲಕ್ಕಿಂತ ಉತ್ತಮವಾದದ್ದು, ಮಾರಿದ ಮನೆಯಲ್ಲಿಯೇ ಕೊಂಡವನಿಗೆ ಬಾಡಿಗೆ ಕೊಟ್ಟು ಮೂರು ತಿಂಗಳು ಉಳಿಯುವದು. ಕೊಂಡವನೂ ಆಷಾಢದಲ್ಲಿ ಪ್ರವೇಶ ಮಾಡುವದಿಲ್ಲವಷ್ಟೆ. ಆದರೆ ಇದನ್ನು ಕ್ರಯದ ಮಾತುಕತೆಯಾಗುವಾಗಲೇ ಕೇಳಬೇಕು. ನೋಂದಣಿಯ ಮರುದಿನ ಕೇಳಿದರೆ ಅದು ಭಿಕ್ಷೆಯಾಗುತ್ತದೆ.

ಇಷ್ಟು ಬರೆದ ಮೇಲೆ, ಮಸ್ಕಿಯ ಆ ಮಹಾಶಯರು ಎರಡನೆಯ ಸಲ ಬಂದಾಗ ಹೇಳಿದ್ದನ್ನು ಮುಚ್ಚಿಡುವದು ಸರಿಯಲ್ಲ. ಅವರು ನಮ್ಮ ಮಾತನ್ನು ಕೇಳಿ ಸಿಂಧನೂರಿನಲ್ಲಿ ಬಾಡಿಗೆಯ ಮನೆ ಹುಡುಕಲು ಹೋದರು. ಮೊದಲನೆಯ ಮನೆಯಲ್ಲಿ ಸಂಬಳವನ್ನು ಕೇಳಲಿಲ್ಲ, ಎಷ್ಟು ದಿನ ಇರುವಿರೆಂದೂ ಕೇಳಲಿಲ್ಲ, "ನೀವು ಯಾವ ಜನ?" ಎಂದು ಕೇಳಿದರು. ಇವರು ಹೇಳಿದರು. ಮನೆಯನ್ನು ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿದೆ ಎಂಬ ಉತ್ತರ ಬಂದಿತು. ಒಂಬತ್ತು ಮನೆಗಳಲ್ಲಿ ಆರು ಮನೆಗಳು ಹೀಗೆಯೇ 'ನಿನ್ನೆ' ಹೋಗಿದ್ದವು. ಮೂವತ್ತು ಲಕ್ಷಕ್ಕೆ ಮನೆ ಕೊಳ್ಳಲು ಹೋದಾಗ ಯಾರೂ ಈ ಪ್ರಶ್ನೆ ಹಾಕಿರಲಿಲ್ಲವಂತೆ. ನಾಚಿಕೆ ಯಾರಿಗೆ ಆಗಬೇಕಾಗಿತ್ತೆಂಬದು ನಮಗೆ ಆಗ ತಿಳಿಯಿತು; ಮತ್ತು ಅವರು ಅವಸರದಿಂದ ಕೊಳ್ಳಲು ಯಾಕೆ ಹೊರಟಿದ್ದರೆಂಬದೂ. ಅಸ್ಪೃಶ್ಯತೆಯ ಕಾರಣದಿಂದ ಯಾವ ಪ್ರದೇಶದಲ್ಲಿಯಾಗಲಿ ಮನೆ ಹಿಡಿದಿರುವದಕ್ಕೆ ಅಡ್ಡಿ ಮಾಡುವದು 1955 ರ ಕಾಯಿದೆಯ 4 ನೆಯ ಕಲಮಿನಂತೆ ಶಿಕ್ಷಾರ್ಹ ಅಪರಾಧವಾಗಿದೆ. ಆದರೆ 'ನಿನ್ನೆ ಕೊಟ್ಟೆವು' ಎಂಬ ಸುಳ್ಳಿಗೆ ಸಾಕ್ಷಿ ಹೇಳುವವರು ಯಾರು? ನಮ್ಮ ಸ್ವಂತ ಮನೆಯ ಮಾಳಿಗೆಯನ್ನು ಹೋದ ವರ್ಷ ಬಾಡಿಗೆಗೆ ಕೊಟ್ಟಾಗ ಈ ಪ್ರಶ್ನೆಯನ್ನು ನಮ್ಮಲ್ಲಿಯೂ ಕೇಳಲಾಗಿತ್ತೆಂದೂ, ನಾವು ಪಕ್ಕದ ಖೋಲಿಯಲ್ಲಿ ಕುಳಿತು ಅಗ್ರಲೇಖವನ್ನು ತಿದ್ದುತ್ತ ಸುಮ್ಮನಿದ್ದೆವೆಂದೂ ಇಲ್ಲಿ ಬರೆಯಬೇಕಾಗಿದೆ.

ಆ ಮಾಳಿಗೆ ಈ ತಿಂಗಳ ಕೊನೆಗೆ ಖಾಲಿಯಾಗುವದು. ಮಸ್ಕಿಯವರಿಗೆ ಪತ್ರ ಬರೆದಿದ್ದೇವೆ. ಐದು ತಿಂಗಳ ಕರಾರು, ಒಂದು ತಿಂಗಳ ಸೂಚನೆ, ಎರಡು ತಿಂಗಳ ಠೇವಣಿ. ಅವರ ಉತ್ತರ ಇನ್ನೂ ಬಂದಿಲ್ಲ.