ಗಳೆಯ ಎತ್ತು ಮತ್ತು ಓಟದ ಎತ್ತು: ಸಣ್ಣ ಕಾರಿನ ಮಾರಾಟವನ್ನು ಕುರಿತು

ಒಂದು ಕಾಲದಲ್ಲಿ ಮಲಪ್ರಭೆಯ ಆಚೀಚಿನ ಎರೆನಾಡಿನಲ್ಲಿ ಮನೆತನದ ಅಂತಸ್ತನ್ನು ತಿಳಿಯಬೇಕಾದರೆ ಗೋದಲಿಯ ಕಡೆಗೆ ಕಣ್ಣು ಹಾಯಿಸಿದರೆ ಸಾಕಾಗುತ್ತಿತ್ತು. ಅಲ್ಲಿ ಕಟ್ಟಿದ ಖಿಲಾರಿ ಎತ್ತುಗಳ ಕೋಡು, ಮೈಬಣ್ಣ, ನಡಿಗೆಗಳೇ ಒಡೆಯನ ಪರಿಚಯವನ್ನು ಮಾಡಿಕೊಡುತ್ತಿದ್ದವು. ಆ ಎತ್ತುಗಳಲ್ಲಿಯೂ ಎರಡು ಬಗೆ. ಗಳೆ ಹೊಡೆದು, ಕುಂಟಿ ಎಳೆದು, ಸುಗ್ಗಿಯಲ್ಲಿ ಚಕ್ಕಡಿ ತುಂಬ ಕಾಳನ್ನು ಮನೆಗೆ ತರುವ ಎತ್ತು ಒಂದು. ವರ್ಷವೆಲ್ಲ ಹುರುಳಿ, ಹತ್ತಿಕಾಳು ತಿಂದು, ಜಾತ್ರೆಯ ದಿನ ಗಾಡಿಯ ಓಟದಲ್ಲಿ ಒಡೆಯನ ಹೆಸರನ್ನು ಮೆರೆಸುವ ಎತ್ತು ಇನ್ನೊಂದು. ಮೊದಲನೆಯದು ಹೊಟ್ಟೆಯ ಮಾತು. ಎರಡನೆಯದು ಮೀಸೆಯ ಮಾತು. ಗಳೆಯ ಜೋಡಿಯನ್ನು ಮಾರಿ ಓಟದ ಜೋಡಿಯನ್ನು ತರಬೇಕೆಂದು ಹಟ ಹಿಡಿಯುವ ಮಗನಿಗೂ, ಬೇಡವೆನ್ನುವ ತಂದೆಗೂ ನಡುವೆ ನಡೆಯುತ್ತಿದ್ದ ವಾದವು ನಮ್ಮ ಹಳ್ಳಿಗಳಿಗೆ ಹೊಸದಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಮನೆಗಳಲ್ಲಿ ಅದೇ ವಾದವು ಇಂದು ಬೇರೊಂದು ವೇಷದಲ್ಲಿ ಕಾಣಿಸಿಕೊಂಡಿದೆ. ಗೋದಲಿಯ ಜಾಗದಲ್ಲಿ ತಗಡಿನ ಮಾಡು ಎದ್ದಿದೆ. ಅದರ ಕೆಳಗೆ ಒಂದು ಸಣ್ಣ ಕಾರು ನಿಂತಿದೆ. ಕೊಂಡು ವರ್ಷವೂ ತುಂಬಿಲ್ಲ, ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ಆದರೂ ಅದನ್ನು ಮಾರಿ, ಹೆಚ್ಚು ಬಿರುಸಿನ, ಹೆಚ್ಚು ಬೆಡಗಿನ ಇನ್ನೊಂದನ್ನು ತರಬೇಕೆಂಬ ಹಂಬಲ ಮನೆಯ ಕಿರಿಯರಲ್ಲಿ ತಲೆದೋರಿದೆ. ಇದನ್ನು ಕೇವಲ ಹುಡುಗಾಟಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ನಾಡಿನ ಹಣ, ರಸ್ತೆ, ಕಾಯದೆ, ಮರ್ಯಾದೆಯ ಕಲ್ಪನೆ ಎಲ್ಲವೂ ಈ ಚಿಕ್ಕ ವ್ಯವಹಾರದಲ್ಲಿ ಕೂಡಿಕೊಂಡಿರುವುದರಿಂದ ಅದನ್ನು ಕೊಂಚ ಸಾವಧಾನವಾಗಿ ವಿಚಾರಿಸುವುದು ಉಚಿತ.

ಮೊದಲಿಗೆ, ಸಣ್ಣ ಕಾರು ಎಂದರೇನು? 1983ರ ಡಿಸೆಂಬರದಲ್ಲಿ ಮಾರುತಿ 800 ರಸ್ತೆಗೆ ಇಳಿದಾಗ ಈ ಪ್ರಶ್ನೆಯೇ ಇರಲಿಲ್ಲ. ಮಧ್ಯಮ ವರ್ಗದವನಿಗೆ ಕಾರೆಂದರೆ ಅದೇ ಆಯಿತು. 2006ರ ಕೇಂದ್ರ ಮುಂಗಡಪತ್ರವು ಇದಕ್ಕೊಂದು ಅಳತೆಗೋಲನ್ನು ಕೊಟ್ಟಿತು. ನಾಲ್ಕು ಮೀಟರಿಗಿಂತ ಉದ್ದವಿರದ, ಪೆಟ್ರೋಲಿನದಾದರೆ 1,200 ಸಿ.ಸಿ.ಯನ್ನೂ ಡೀಸೆಲಿನದಾದರೆ 1,500 ಸಿ.ಸಿ.ಯನ್ನೂ ಮೀರದ ಎಂಜಿನ್ ಉಳ್ಳ ಕಾರಿಗೆ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಲಾಯಿತು. ಅಂದಿನಿಂದ ಕಾರು ಕಟ್ಟುವವರೆಲ್ಲ ಆ ನಾಲ್ಕು ಮೀಟರಿನೊಳಗೆ ಏನೆಲ್ಲ ತುರುಕಬಹುದೆಂಬ ಚಿಂತೆಯಲ್ಲಿ ತೊಡಗಿದರು. ಪರಿಣಾಮವೇನಾಯಿತು? ಸಣ್ಣ ಕಾರೇ ನೆಲದಿಂದ ಎತ್ತರಕ್ಕೆ ಎದ್ದು, ಎದೆ ಸೆಟೆಸಿ, ಜೀಪಿನ ಗತ್ತನ್ನು ತೊಟ್ಟುಕೊಂಡಿತು. ಬಲೆನೊ ಮತ್ತು ಫ್ರಾಂಕ್ಸ್ ಎಂಬ ಮಾರುತಿಯ ಎರಡು ಕಾರುಗಳು ಒಂದೇ ಅಡಿಪಾಯದ ಮೇಲೆ ನಿಂತವುಗಳೆಂಬುದು ಇದಕ್ಕೆ ಸಾಕಷ್ಟು ನಿದರ್ಶನ. 2024-25ರಲ್ಲಿ ದೇಶದಲ್ಲಿ ಮಾರಾಟವಾದ ಸುಮಾರು 43 ಲಕ್ಷ ಪ್ರಯಾಣಿಕ ವಾಹನಗಳಲ್ಲಿ ಹತ್ತಿರ ಹತ್ತಿರ 28 ಲಕ್ಷ ಈ ಎತ್ತರದ ಜಾತಿಯವೇ ಆಗಿದ್ದವು. ಹಂಬಲವು ನಮ್ಮ ಊರಿನದು ಮಾತ್ರವಲ್ಲ, ದೇಶದ ಗಾಳಿಯೇ ಹಾಗೆ ಬೀಸುತ್ತಿದೆ.

ಇಂಥ ಸಮಯದಲ್ಲಿ 2025ರ ಸೆಪ್ಟೆಂಬರ 22ರಂದು ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದವು. ಪೆಟ್ರೋಲಿನ ಸಣ್ಣ ಕಾರಿನ ಮೇಲೆ ಉಪಕರವೂ ಸೇರಿ ಶೇಕಡಾ 29ರಷ್ಟಿದ್ದ ತೆರಿಗೆ ಶೇಕಡಾ 18ಕ್ಕೆ ಇಳಿಯಿತು. ದೊಡ್ಡ ಕಾರುಗಳಿಗೆ ಶೇಕಡಾ 40 ಎಂದು ನಿಗದಿಯಾಯಿತು. ಕೊಳ್ಳುವವರಿಗೆ ಇದು ಹಬ್ಬದ ಉಡುಗೊರೆಯಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ವರ್ಷದ ಆರಂಭದಲ್ಲಿ ಕೊಂಡವನ ಪಾಡೇನು? ಅಂದು ಎಂಟು ಲಕ್ಷ ಕೊಟ್ಟು ತಂದ ಕಾರು, ತೆರಿಗೆಯ ಇಳಿತವಷ್ಟನ್ನೇ ಲೆಕ್ಕಕ್ಕೆ ಹಿಡಿದರೂ, ಇಂದು ಹೊಚ್ಚಹೊಸದಾಗಿಯೇ 7 ಲಕ್ಷ 32 ಸಾವಿರಕ್ಕೆ ದೊರೆಯುತ್ತದೆ. ಚಕ್ರ ಒಂದು ಸುತ್ತು ತಿರುಗದೆಯೇ 68 ಸಾವಿರ ಕರಗಿದಂತಾಯಿತು. ಹೊಸದು ಅಗ್ಗವಾದಾಗ ಹಳೆಯದು ತನ್ನ ಬೆಲೆಯನ್ನು ಉಳಿಸಿಕೊಳ್ಳುವುದು ಸಂತೆಯ ಧರ್ಮಕ್ಕೇ ವಿರುದ್ಧ.

ಉಳಿದ ಲೆಕ್ಕವನ್ನೂ ನೋಡೋಣ. ವಿಮೆಯ ಪದ್ಧತಿಯಂತೆ ಆರು ತಿಂಗಳು ದಾಟಿ ಒಂದು ವರ್ಷದೊಳಗಿನ ಕಾರಿನ ಮೌಲ್ಯದಲ್ಲಿ ಶೇಕಡಾ 15ನ್ನು ಸವಕಳಿಯೆಂದು ಕಳೆಯುತ್ತಾರೆ. ಇಂದಿನ ಬೆಲೆಯ ಮೇಲೆ ಆ ಸವಕಳಿಯನ್ನು ಕಳೆದರೆ ಉಳಿಯುವುದು 6 ಲಕ್ಷ 22 ಸಾವಿರ. ಇದು ಸಂತೆಯ ಬೆಲೆಯಲ್ಲ, ಚೌಕಾಸಿಯ ಆರಂಭದ ಗುರುತು ಮಾತ್ರ. ಆದರೆ ಕೊಳ್ಳುವವನು ಮೊದಲು ಬೆರಳಿಡುವುದು ಅಲ್ಲಿಯೇ. ಇನ್ನು ಕರ್ನಾಟಕದ ಆಜೀವ ತೆರಿಗೆ. ಐದು ಲಕ್ಷದಿಂದ ಹತ್ತು ಲಕ್ಷದವರೆಗಿನ ಕಾರಿಗೆ ಬೆಲೆಯ ಶೇಕಡಾ 14, ಅದರ ಮೇಲೆ ಶೇಕಡಾ 11ರಷ್ಟು ಉಪಕರ. ಎಂಟು ಲಕ್ಷಕ್ಕೆ ಇದು 1,24,320 ರೂಪಾಯಿ. ಈ ತೆರಿಗೆ ಕಾರಿನ ಬೆನ್ನು ಹತ್ತಿ ಹೋಗುತ್ತದೆಯೇ ಹೊರತು ಮಾರಿದವನ ಕೈಗೆ ಮರಳಿ ಬಾರದು. ಸಾಲದ ಸ್ವರೂಪವೂ ಇಂಥದೇ. ಆರು ಲಕ್ಷವನ್ನು ಶೇಕಡಾ ಒಂಬತ್ತೂವರೆಯ ಬಡ್ಡಿಗೆ ಐದು ವರ್ಷದ ಅವಧಿಗೆ ತಂದವನು ತಿಂಗಳಿಗೆ ಸುಮಾರು 12,600ರಂತೆ ಹನ್ನೆರಡು ಕಂತು ತುಂಬಿದಾಗ ಒಂದೂವರೆ ಲಕ್ಷ ಕೊಟ್ಟಿರುತ್ತಾನೆ. ಅಸಲಿನಲ್ಲಿ ಕಡಮೆಯಾದದ್ದು ಮಾತ್ರ 98 ಸಾವಿರ. ಮಿಕ್ಕ 53 ಸಾವಿರ ಬಡ್ಡಿಯ ಬಾಯಿಗೆ ಬಿದ್ದಿರುತ್ತದೆ.

ಬೆಲೆಯ ಇಳಿತ, ತೆರಿಗೆ, ಬಡ್ಡಿ ಈ ಮೂರನ್ನೂ ಕೂಡಿಸಿದರೆ ಸುಮಾರು ಮೂರೂವರೆ ಲಕ್ಷ. ತೆರಿಗೆ ತುಂಬಿದ ಕಾರೆಂದು ಕೊಳ್ಳುವವನು ಒಂದಿಷ್ಟು ಹೆಚ್ಚು ಕೊಟ್ಟಾನು. ವರ್ಷವಿಡೀ ಓಡಾಡಿದ ಅನುಕೂಲಕ್ಕೂ ಬೆಲೆ ಉಂಟು. ಅದನ್ನೆಲ್ಲ ಒಪ್ಪಿಕೊಳ್ಳೋಣ. ಆದರೂ ಮೂರೂವರೆ ಲಕ್ಷವೆಂದರೆ ಈ ಭಾಗದ ಒಕ್ಕಲುತನದ ಭಾಷೆಯಲ್ಲಿ ಏನು? 2025ರ ನವೆಂಬರದಲ್ಲಿ ಬೆಳಗಾವಿ ಜಿಲ್ಲೆಯ ರೈತರು ಗುರ್ಲಾಪುರ ಕ್ರಾಸಿನಲ್ಲಿ ಹಗಲಿರುಳು ಕುಳಿತು, ಟನ್ನು ಕಬ್ಬಿಗೆ 3,500 ಬೇಡಿ, ಕೊನೆಗೆ 3,300ಕ್ಕೆ ಒಪ್ಪಿ ಎದ್ದದ್ದನ್ನು ವಾಚಕರು ಮರೆತಿರಲಾರರು. ಆ ದರದಲ್ಲಿ ಮೂರೂವರೆ ಲಕ್ಷಕ್ಕೆ ಸುಮಾರು ನೂರಾ ಆರು ಟನ್ನು ಕಬ್ಬು ಬೇಕು. ಎಕರೆಗೆ ನಲವತ್ತು ಟನ್ನು ಬೆಳೆಯಿತೆಂದು ಹಿಡಿದರೂ ಎರಡೂವರೆ ಎಕರೆಗೂ ಮಿಕ್ಕ ಹೊಲದ ಇಡೀ ವರ್ಷದ ಫಸಲು. ಅದೂ ಬೀಜ, ಗೊಬ್ಬರ, ನೀರು, ಆಳುಗಳ ಖರ್ಚನ್ನು ಕಳೆಯುವ ಮೊದಲು. ಟನ್ನಿಗೆ ಇನ್ನೂರು ರೂಪಾಯಿಗಾಗಿ ರಸ್ತೆಯಲ್ಲಿ ಕುಳಿತ ತಂದೆಯ ಮನೆಯಲ್ಲಿಯೇ ಮಗನು ಒಂದು ಸಹಿಯಿಂದ ನೂರು ಟನ್ನಿನ ಬೆಲೆಯನ್ನು ಬಿಟ್ಟುಕೊಡುವುದಾದರೆ, ಅಲ್ಲಿ ಎರಡು ತಲೆಮಾರುಗಳು ಎರಡು ಬೇರೆ ಬೇರೆ ನಾಣ್ಯಗಳಲ್ಲಿ ಲೆಕ್ಕ ಹಾಕುತ್ತಿವೆಯೆಂದೇ ಹೇಳಬೇಕು.

ಇಷ್ಟೆಲ್ಲ ಕೊಟ್ಟು ಪಡೆಯುವುದೇನು? ನಿಜವಾದ ಓಟದ ಕಾರು ನಮ್ಮ ಕೈಗೆ ಎಟುಕುವಂಥದಲ್ಲ. 2025ರ ಮೇ ತಿಂಗಳಲ್ಲಿ ಭಾರತಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿ.ಟಿ.ಐ.ಗೆ ಆಗ 53 ಲಕ್ಷ ಬೆಲೆಯಿತ್ತು. ಸಾಮಾನ್ಯನಿಗೆ ದಕ್ಕುವುದು ಸಣ್ಣ ಕಾರಿನದೇ ಬಿರುಸಾದ ತಮ್ಮ. 2021ರಲ್ಲಿ ಹ್ಯುಂಡೈ ಸಂಸ್ಥೆ ತಂದ ಐ20 ಎನ್ ಲೈನ್ ಇದಕ್ಕೊಂದು ಮಾದರಿ. ಹೊರಮೈ ಬಹುಮಟ್ಟಿಗೆ ಸಾಮಾನ್ಯ ಐ20ಯದೇ; ಎಂಜಿನ್ ಇನ್ನೂ ಚಿಕ್ಕದು, 998 ಸಿ.ಸಿ. ಆದರೆ ಟರ್ಬೊ ಎಂಬ ಉಪಕರಣವು ಹೊಗೆಯ ರಭಸದಿಂದಲೇ ತಿರುಗಿ, ಹೆಚ್ಚು ಗಾಳಿಯನ್ನು ಎಂಜಿನ್ನಿನೊಳಗೆ ಒತ್ತುವುದರಿಂದ ಎಂಬತ್ತರ ಆಸುಪಾಸಿನ ಅಶ್ವಶಕ್ತಿ ನೂರಾಹದಿನೆಂಟಕ್ಕೆ ಏರಿತು. ಕಾಯದೆಯ ಕಣ್ಣಿಗೆ ಇದೂ ಸಣ್ಣ ಕಾರೇ. ಹೀಗಾಗಿ ಸಣ್ಣದಕ್ಕೂ ಬಿರುಸಿಗೂ ವೈರವಿದೆಯೆಂಬ ನಂಬಿಕೆಯೇ ಪೂರ್ತಿ ಸರಿಯಲ್ಲ. ಕೊಳ್ಳುವವನು ಎಚ್ಚರ ವಹಿಸಬೇಕಾದ ಮೆಟ್ಟಿಲು ಬೇರೆ ಕಡೆಗಿದೆ. ಬೆಲೆ ಹತ್ತು ಲಕ್ಷ ದಾಟಿತೆಂದರೆ ಆಜೀವ ತೆರಿಗೆ ಶೇಕಡಾ 17ಕ್ಕೆ ಏರುತ್ತದೆ. ದಾಟಿದ ಭಾಗಕ್ಕೆ ಮಾತ್ರವಲ್ಲ, ಇಡೀ ಬೆಲೆಗೆ. ಹನ್ನೊಂದು ಲಕ್ಷದ ಕಾರಿಗೆ ಉಪಕರ ಸಹಿತ 2,07,570 ರೂಪಾಯಿ. ಒಂದೇ ವರ್ಷದಲ್ಲಿ ಎರಡು ಸಲ ಆಜೀವ ತೆರಿಗೆ ತುಂಬಿದವನು ಎರಡು ಜೀವಮಾನಗಳ ಋಣವನ್ನು ಒಟ್ಟಿಗೆ ತೀರಿಸಿದಂತೆ.

ಇನ್ನು ಆ ಬಿರುಸನ್ನು ಎಲ್ಲಿ ಓಡಿಸುವುದು? 2018ರ ಕೇಂದ್ರದ ಅಧಿಸೂಚನೆಯಂತೆ ನಡುವೆ ವಿಭಜಕವಿರುವ ಚತುಷ್ಪಥ ರಸ್ತೆಯಲ್ಲಿ ಕಾರಿನ ವೇಗದ ಮಿತಿ ಗಂಟೆಗೆ 100 ಕಿಲೋಮೀಟರು. ಉಳಿದ ರಸ್ತೆಗಳಲ್ಲಿ 70. ನಮ್ಮ ನಾಲ್ಕು ಊರುಗಳಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯ ಭಾಗ್ಯವಿರುವುದು ಕಿತ್ತೂರಿಗೆ. ಬೈಲಹೊಂಗಲದಿಂದ ಸವದತ್ತಿಗೆ, ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವವನಿಗೆ ಕಾಯದೆ ಕೊಡುವುದು ಎಪ್ಪತ್ತೇ. ಚಳಿಗಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದಿನ ದೀಪವೂ ಇಲ್ಲದೆ ತೆವಳುವ ಕಬ್ಬಿನ ಟ್ರ್ಯಾಕ್ಟರುಗಳು ಅಷ್ಟನ್ನೂ ಕೊಡುವುದಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ನೂರಾಹದಿನೆಂಟು ಕುದುರೆಗಳೂ ಚಕ್ಕಡಿಯ ಹಿಂದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ.

ಹಾಗಾದರೆ ಈ ಹಂಬಲವೇ ತಪ್ಪೇ? ಹಾಗೆಂದು ತೀರ್ಪು ಕೊಡಲು ನಮ್ಮ ಮನಸ್ಸು ಒಪ್ಪದು. ಮನುಷ್ಯನು ಬರಿಯ ಉಪಯೋಗದಿಂದ ಬದುಕುವ ಪ್ರಾಣಿಯಲ್ಲ. ಓಟದ ಎತ್ತು ಹೊಲಕ್ಕೆ ಏನನ್ನೂ ಕೊಡದಿದ್ದರೂ ಊರಿಗೆ ಒಂದು ಸಂಭ್ರಮವನ್ನು ಕೊಟ್ಟಿತು. ಕಂಬಳ, ಎತ್ತಿನ ಗಾಡಿಯ ಓಟಗಳಿಗೆ ಅವಕಾಶ ಕೊಟ್ಟ ರಾಜ್ಯಗಳ ತಿದ್ದುಪಡಿಗಳನ್ನು ಸುಪ್ರೀಂ ಕೋರ್ಟು 2023ರ ಮೇ 18ರಂದು ಎತ್ತಿಹಿಡಿದಾಗ ಹಳ್ಳಿಗಳು ಹರ್ಷಪಟ್ಟದ್ದು ಹಣದ ಲಾಭಕ್ಕಾಗಿ ಅಲ್ಲ. ಅಪ್ಪನ ಆಯ್ಕೆಯ ಕಾರಿನಲ್ಲಿ ಮಗನು ಕೇವಲ ಚಾಲಕ; ತಾನೇ ಆರಿಸಿದ ಕಾರಿನಲ್ಲಿ ಅವನು ಒಡೆಯ. ಈ ಒಡೆತನದ ಹಸಿವನ್ನು ಹಿರಿಯರು ಅರಿಯದೆ ಹೋದರೆ ಲೆಕ್ಕದ ಪುಸ್ತಕವೊಂದೇ ಅವನನ್ನು ತಡೆಯಲಾರದು. ಅರಿತು ಮಾತಾಡಿದರೆ, ವರ್ಷದೊಳಗಿನ ನಷ್ಟವು ಎಲ್ಲಕ್ಕಿಂತ ಕಡಿದಾದದ್ದು, ಮೂರು ನಾಲ್ಕು ವರ್ಷ ತಾಳಿದರೆ ಅದೇ ನಷ್ಟವು ದುಡಿಮೆಯ ಹಲವು ದಿನಗಳ ಮೇಲೆ ಹಂಚಿಹೋಗುವುದು ಎಂಬ ಮಾತನ್ನು ಅವನೂ ಕೇಳಿಯಾನು.

ಇದಕ್ಕೆ ಇನ್ನೊಂದು ಮುಖವೂ ಉಂಟು. ಒಬ್ಬನು ಬಿಟ್ಟುಕೊಟ್ಟ ಬೆಲೆ ಇನ್ನೊಬ್ಬನ ಮನೆಗೆ ಮೊದಲ ಕಾರನ್ನು ತರುತ್ತದೆ. ಶಾಲೆಯ ಶಿಕ್ಷಕನೋ, ಮಗ್ಗದ ಕಸುಬಿನವನೋ, ಹತ್ತಿಯ ಅಡತಿಯಲ್ಲಿ ಗುಮಾಸ್ತನೋ ಆದವನಿಗೆ ಹೊಸದು ಎಟುಕದಿದ್ದಲ್ಲಿ ಈ ಹೊಸತನ ಮಾಸದ ಕಾರು ಎಟುಕುತ್ತದೆ; ವ್ಯಕ್ತಿಯಿಂದ ವ್ಯಕ್ತಿಗೆ ನಡೆಯುವ ಇಂಥ ಮಾರಾಟಕ್ಕೆ ಜಿ.ಎಸ್.ಟಿ. ಇಲ್ಲ. ವ್ಯಾಪಾರಿಯ ಮೂಲಕ ನಡೆದರೆ 2025ರ ಜನವರಿಯಿಂದ ಅವನ ಲಾಭಾಂಶದ ಮೇಲೆ ಶೇಕಡಾ 18. ಆದುದರಿಂದ ಮಾರಾಟವೆಂಬುದು ನಷ್ಟವೇ ಆದರೂ ನಾಡಿನ ಲೆಕ್ಕದಲ್ಲಿ ಅದು ಪೂರ್ತಿ ವ್ಯರ್ಥವಲ್ಲ.

ಆದರೆ ವ್ಯವಹಾರ ಕಾಗದದಲ್ಲಿಯೂ ಮುಗಿಯಬೇಕು. ದನದ ಸಂತೆಯಲ್ಲಿ ದಲಾಲನು ವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸಿದರೆ, ಹಗ್ಗ ಕೈ ಬದಲಾಯಿಸಿದರೆ ಎತ್ತಿನ ಋಣ ಹರಿದಂತೆ. ಕಾರಿನ ಋಣ ಹಾಗೆ ಹರಿಯದು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯನೆಂದೂ, ಮಾರಿದ ಕಾರು ಹಲವು ಕೈ ದಾಟಿ ಅಪಘಾತ ಮಾಡಿದರೂ ಹೆಸರು ಬದಲಾಗದಿದ್ದರೆ ಪರಿಹಾರದ ಹೊಣೆ ಆ ಹಳೆಯ ಒಡೆಯನದೇ ಎಂದೂ ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ನಿರ್ಣಯಿಸಿದೆ. ಮೋಟಾರು ವಾಹನ ಕಾಯದೆಯಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು ಹದಿನಾಲ್ಕು ದಿನಗಳೊಳಗೆ, ಕೊಂಡವನು ಮೂವತ್ತು ದಿನಗಳೊಳಗೆ ತಿಳಿಸಬೇಕು. ಅದಕ್ಕೆ 29 ಮತ್ತು 30ನೆಯ ನಮೂನೆಗಳು. ಸಾಲ ತೀರಿದ ಗುರುತಿಗೆ 35ನೆಯದು. ಖಾಲಿ ನಮೂನೆಗೆ ಸಹಿ ಮಾಡಿ, ಹಣ ಎಣಿಸಿಕೊಂಡು, ಹೊಸ ಕಾರಿನ ಪೂಜೆಗೆ ಓಡುವವನು ಕೆ.ಎ. 24ರ ಬೈಲಹೊಂಗಲದ ಕಚೇರಿಗೆ ಒಂದು ದಿನ ಕೊಡಲಾರದೆ ಹೋದರೆ, ಯಾವುದೋ ರಸ್ತೆಯಲ್ಲಿ ಯಾರೋ ಮಾಡಿದ ಅನಾಹುತಕ್ಕೆ ತನ್ನ ಹೊಲವನ್ನು ಒತ್ತೆಯಿಟ್ಟಂತೆಯೇ ಸರಿ.

ಕಾರು ಬದಲಾಯಿಸುವವನು ಬದಲಾಯಿಸಲಿ; ಅದು ಅವನ ಸ್ವಾತಂತ್ರ್ಯ. ಆದರೆ ಮನೆಯವರೆಲ್ಲ ಕುಳಿತು ಟನ್ನಿನ ಲೆಕ್ಕವನ್ನೂ ತಿಂಗಳ ಕಂತಿನ ಲೆಕ್ಕವನ್ನೂ ಒಂದೇ ಹಾಳೆಯ ಮೇಲೆ ಬರೆದು ನೋಡಿದ ನಂತರ ಬದಲಾಯಿಸಲಿ. ಓಟದ ಎತ್ತನ್ನು ಸಾಕಿದ ನಮ್ಮ ಹಿರಿಯರು ಅವಿವೇಕಿಗಳೇನೂ ಆಗಿರಲಿಲ್ಲ. ಗಳೆಯ ಎತ್ತಿಗೆ ಮೇವು ಮಿಕ್ಕ ವರ್ಷವೇ ಅವರು ಓಟದ ಎತ್ತನ್ನು ಕಟ್ಟುತ್ತಿದ್ದರು.